ಈರುಳ್ಳಿ ಅಕ್ಕನ ಬಾತುಕೋಳಿ ಹಿಡಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅವಳನ್ನು ಈರುಳ್ಳಿ ಅಕ್ಕ ಎಂದೇ ಕರೆಯುತ್ತಿದ್ದರು. ದಿನಾ ಆರುನೂರು ಜನರ ಊಟಕ್ಕಾಗುವಷ್ಟು ಈರುಳ್ಳಿ ಹೆಚ್ಚಿದರೂ ಅವಳ ಕಣ್ಣಲ್ಲಿ ಒಂದು ಹನಿ ನೀರು ಕಂಡವರಿರಲಿಲ್ಲ. ಹೆಚ್ಚುವುದರಲ್ಲಿ ಅವಳದು ಎತ್ತಿದ ಕೈ. ಕಿಟಕಿಯ ಪಕ್ಕದ ಮೇಜು, ಬಲಕ್ಕೆ ತರಕಾರಿಯ ಬುಟ್ಟಿ, ಎಡಕ್ಕೆ ಬೋಗುಣಿ, ನಡುವೆ ಚಾಕು. ಇಪ್ಪತ್ತೆರಡು ವರ್ಷಗಳಿಂದ ಈ ಏರ್ಪಾಡು ಒಂದಿಂಚೂ ಅಲ್ಲಾಡಿರಲಿಲ್ಲ. ಮಸೆದು ಮಸೆದು ಚಾಕುವಿನ ಅಲಗು ಅರ್ಧ ಸವೆದಿತ್ತು, ಆದರೆ ಹರಿತಕ್ಕೆ ಕುಂದಿರಲಿಲ್ಲ.

ಕಳೆದ ವರ್ಷ ಅದೇ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಅವಳ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ನಿಜ. ಆದರೆ ಕಿರುಬೆರಳು, ಉಂಗುರದ ಬೆರಳು ಎರಡೂ ಮುನಿಸಿಕೊಂಡ ಸೊಸೆಯರ ಹಾಗೆ ಅರ್ಧಕ್ಕೇ ನಿಂತುಬಿಟ್ಟವು, ಪೂರ್ತಿ ಮಡಚಲು ಒಪ್ಪಲಿಲ್ಲ. ಚಾಕುವಿನ ಕಪ್ಪು ಪ್ಲಾಸ್ಟಿಕ್ ಹಿಡಿ ಮೊದಲೇ ಸಣಕಲು, ಮೇಲೆ ನುಣುಪು. ಒದ್ದೆ ಕೈಯಲ್ಲಿ ಅದು ತಿರುಗಿ ನುಣುಚಿಕೊಳ್ಳತೊಡಗಿತು. ಒಂದು ಸಲ ಬಿತ್ತು. ಎರಡನೇ ಸಲ ಸೂಪರ್‌ವೈಸರನ ಶೂ ಪಕ್ಕದಲ್ಲೇ ಠಣ್ ಎಂದಿತು.

ಅವಳ ಮಗನ ವಯಸ್ಸಿನ ಸೂಪರ್‌ವೈಸರ್ ಕೆಟ್ಟವನಲ್ಲ, ಆದರೆ ಹೆದರುಪುಕ್ಕಲ. "ಅಕ್ಕ, ಯಾರ ಕಾಲ ಮೇಲಾದ್ರೂ ಬಿದ್ರೆ ಉತ್ತರ ಕೊಡಬೇಕಾದವನು ನಾನು. ಮುಂದಿನ ತಿಂಗಳಿಂದ ನೀವು ತಟ್ಟೆ ತೊಳೆಯೋ ಕಡೆ ಹೋಗಿಬಿಡಿ" ಎಂದ.

"ನನ್ನ ಕೈ ಸರಿಯಾಗಿದೆ ಸಾರ್. ಆ ಹಿಡೀನೇ ಜಾರುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದು ಅವನು ನಕ್ಕ. ಸುತ್ತಲಿದ್ದವರೂ ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು. ತಟ್ಟೆ ತೊಳೆಯುವುದು ಕೀಳು ಕೆಲಸವೆಂದು ಅವಳು ಎಂದೂ ಎಣಿಸಿದವಳಲ್ಲ. ಆದರೆ ಆ ಕಿಟಕಿಯ ಪಕ್ಕದ ಮೇಜು ಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ತಿಂಗಳು ಮುಗಿಯಲು ಮೂರು ವಾರ ಉಳಿದಿತ್ತು. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದಳು.

ಅವಳ ಗಂಡ ಮರದ ಸಾಮಾನಿಗೆ ಪಾಲಿಶ್ ಹಾಕುವವನು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಉಜ್ಜಿ ಉಜ್ಜಿ, ಮೇಜಿನಲ್ಲಿ ಮುಖ ಕಾಣುವವರೆಗೆ ಬಿಡುವ ಜಾತಿಯೇ ಅಲ್ಲ. ಹೆಂಡತಿಯ ಕಥೆ ಕೇಳಿ ತೋಳೇರಿಸಿದ. "ಪ್ಲಾಸ್ಟಿಕ್ ಅಂತೆ ಪ್ಲಾಸ್ಟಿಕ್! ನಾನಿದ್ದೂ ನೀನು ಅದನ್ನ ಹಿಡ್ಕೋಬೇಕೇನೇ?" ಎಂದವನೇ ಹಳೆಯ ಹಿಡಿಯನ್ನು ಒಡೆದು ತೆಗೆದ. ಹಿಡಿಯೊಳಗೆ ಕೂರುವ ಅಲಗಿನ ಬಾಲಕ್ಕೆ ಎರಡು ಕಡೆ ಬೀಟೆಮರದ ತುಂಡು ಕೂರಿಸಿ, ಹಿತ್ತಾಳೆ ಮೊಳೆ ಬಡಿದು, ಹನ್ನೊಂದು ಕೈ ಪಾಲಿಶ್ ಹಾಕಿದ. ಮದುವೆಗೆ ಹೊರಟ ಚಾಕುವಿನ ಹಾಗೆ ಕಾಣುತ್ತಿತ್ತು ಅದು. ಅವಳು ಕೈ ಒದ್ದೆ ಮಾಡಿಕೊಂಡು ಒಂದು ಸೌತೆಕಾಯಿಗೆ ಇಟ್ಟಳು. ಚಾಕು ಸೋಪಿನಂತೆ ಜಾರಿ ಬಚ್ಚಲಿನವರೆಗೆ ಹೋಯಿತು.

"ಪ್ಲಾಸ್ಟಿಕ್ಕೇ ವಾಸಿ ಇತ್ತು ಕಣ್ರೀ."

ಗಂಡ ಆ ರಾತ್ರಿ ಊಟಕ್ಕೆ ಕೂತಾಗಲೂ ಆ ಹಿಡಿಯನ್ನೇ ಒರೆಸುತ್ತಿದ್ದ.

ಮರುದಿನ ಸಂಜೆ ಅವಳು ಗೋಧಿಹಿಟ್ಟು ಕಲಸುತ್ತಿದ್ದಳು. ಯೋಚನೆಯಲ್ಲೇ ಮುದ್ದೆಯನ್ನು ಬಿಗಿಯಾಗಿ ಹಿಡಿದು ಬಿಟ್ಟಳು. ನೋಡಿದರೆ ಅಲ್ಲಿ ಅವಳ ಕೈ ಇತ್ತು! ಹೆಬ್ಬೆರಳಿನದು ಆಳವಾದ ಹಳ್ಳ, ಎರಡು ಬೆರಳು ಗಟ್ಟಿಯಾಗಿ ಕೂತ ಗುರುತು, ಮುನಿಸಿಕೊಂಡ ಎರಡು ಬೆರಳು ಬರೀ ಸವರಿ ಹೋದ ಗುರುತು. ಅಂಗೈ ಮುಟ್ಟದ ಕಡೆ ಹಿಟ್ಟು ದಪ್ಪಗೆ ಉಬ್ಬಿತ್ತು. ಅವಳಿಗೆ ಥಟ್ಟನೆ ಹೊಳೆಯಿತು. ತನ್ನ ಕೈಗೆ ಬೇಕಾದದ್ದು ಚೆಂದವಲ್ಲ, ಈ ಉಬ್ಬು.

ಬೀಟೆಯ ಹಿಡಿಯನ್ನು ಬಿಚ್ಚಿಸಿದಳು. ಹಿಟ್ಟಿಗೆ ಉಪ್ಪು ಬೆರೆಸಿ ಗಟ್ಟಿಯಾಗಿ ಕಲಸಿದಳು. ಅಲಗಿಗೆ ದಪ್ಪ ಬಟ್ಟೆ ಸುತ್ತಿ, ಬಾಲದ ಸುತ್ತ ಹಿಟ್ಟು ಮೆತ್ತಿ, ಈರುಳ್ಳಿ ಹೆಚ್ಚುವಾಗ ಹಿಡಿಯುವಂತೆಯೇ ಹಿಡಿದು, ಮೆಲ್ಲಗೆ ಬಿಟ್ಟಳು. ನಾಲ್ಕು ದಿನದ ಬಿಸಿಲಿಗೆ ಅದು ಕಲ್ಲಾಯಿತು.

ಗಂಡ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೇನೇ ಇದು, ಬಾತುಕೋಳಿ ಥರ ಇದೆ?"

"ಇದೇ ಬಾತುಕೋಳೀನ ಮರದಲ್ಲಿ ಮಾಡ್ಕೊಡಿ. ಪಾಲಿಶ್ ಬೇಡ."

"ಪಾಲಿಶ್ ಬೇಡ್ವಾ? ನಲವತ್ತು ವರ್ಷದಲ್ಲಿ ಪಾಲಿಶ್ ಇಲ್ಲದೆ ಒಂದು ಸಾಮಾನೂ ನನ್ನ ಕೈ ದಾಟಿಲ್ಲ ಕಣೇ. ಜನ ಏನಂತಾರೆ?"

"ರೀ, ಅದು ನೋಡೋ ಸಾಮಾನಲ್ಲ, ಹಿಡಿಯೋ ಸಾಮಾನು."

ಅವನು ಗೊಣಗಿದ, ಮೂಗು ಮುರಿದ, ಕೊನೆಗೆ ಅಟ್ಟ ಹತ್ತಿದ. ಹಿತ್ತಲ ಸೀಬೆಮರದ್ದೊಂದು ಕೊಂಬೆ ಅಲ್ಲಿ ಎರಡು ವರ್ಷದಿಂದ ಒಣಗುತ್ತಿತ್ತು. ಗಟ್ಟಿ ಮರ, ಸೀಳುವುದಿಲ್ಲ. ಹಿಟ್ಟಿನ ಬಾತುಕೋಳಿಯನ್ನು ಎದುರಿಗಿಟ್ಟುಕೊಂಡು ಉಳಿಯಿಂದ ಕೆತ್ತಿದ, ಅರದಿಂದ ಉಜ್ಜಿದ. ಅವಳು ಪಕ್ಕದಲ್ಲೇ ಕೂತು ಹತ್ತು ನಿಮಿಷಕ್ಕೊಮ್ಮೆ ಹಿಡಿದು ನೋಡಿ, "ಇಲ್ಲಿ ಒಂಚೂರು, ಇಲ್ಲಿ ಬೇಡ" ಎನ್ನುತ್ತಿದ್ದಳು. ಅಲಗಿನ ಬಾಲವನ್ನು ಅದರೊಳಗೆ ಕೂರಿಸಿ, ಸಂದಿಗೆ ಅರಗು ಕಾಯಿಸಿ ತುಂಬಿದರು. ಮೇಲೆ ಬರೀ ಅಗಸೆ ಎಣ್ಣೆ, ಜೇನುಮೇಣ. ಇನ್ನಷ್ಟು ನುಣುಪು ಮಾಡಲು ಉಪ್ಪುಕಾಗದವನ್ನು ಅವನು ಇನ್ನೊಂದು ಸಲ ಕೈಗೆತ್ತಿಕೊಂಡಾಗ ಅವಳು ಕಿತ್ತುಕೊಂಡಳು.

ತಿಂಗಳ ಮೊದಲ ದಿನ ಗೋಡೆಯ ಹಲಗೆಯಲ್ಲಿ ತಟ್ಟೆ ತೊಳೆಯುವವರ ಸಾಲಿಗೆ ಅವಳನ್ನು ಸೇರಿಸಿ ಬರೆದಾಗಿತ್ತು. ಅವಳು ಅದನ್ನು ಓದಿದಳು. ಓದಿ, ನೆಟ್ಟಗೆ ಕಿಟಕಿಯ ಮೇಜಿಗೆ ಹೋಗಿ ಚಾಕುವಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಸೂಪರ್‌ವೈಸರ್ ಓಡಿಬಂದ.

"ಒಂದೇ ಒಂದು ಗಂಟೆ ಕೊಡಿ ಸಾರ್" ಎಂದಳು. ಅವನು ಬಾಯಿ ತೆರೆಯುವ ಮೊದಲೇ ಎರಡೂ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ, ತೊಟ್ಟಿಕ್ಕುವ ಕೈಯಲ್ಲೇ ಚಾಕು ಎತ್ತಿಕೊಂಡಳು. ಅವತ್ತಿನ ಬುಟ್ಟಿಯಲ್ಲಿ ದೊಡ್ಡದೊಂದು ಸಿಹಿಗುಂಬಳ ಇತ್ತು. ಅದನ್ನು ಕಂಡರೆ ಗಂಡಾಳುಗಳೂ ಹಿಂದೆ ಸರಿಯುತ್ತಿದ್ದರು. ಚಾಕುವನ್ನು ನೆಟ್ಟು, ಭುಜದ ಭಾರ ಬಿಟ್ಟಳು. ಹಿಡಿ ಅಲ್ಲಾಡಲಿಲ್ಲ. ಅಂಗೈಯ ಟೊಳ್ಳನ್ನು ಸೀಬೆಮರ ತುಂಬಿಕೊಂಡಿತ್ತು, ಸೋಮಾರಿ ಬೆರಳುಗಳಿಗೂ ಒರಗಲು ಜಾಗವಿತ್ತು. ಕುಂಬಳ ಟಪ್ ಎಂದು ಎರಡು ಹೋಳಾಯಿತು. ಆಮೇಲೆ ಈರುಳ್ಳಿ. ಹೆಚ್ಚುವ ಮಣೆಯ ಮೇಲೆ ಆ ಹಳೆಯ ಟಕಟಕ ಸದ್ದು ಶುರುವಾದಾಗ ಒಲೆಯ ಹತ್ತಿರದವರೂ ತಿರುಗಿ ನೋಡಿದರು. ಒಂದು ವರ್ಷದಿಂದ ಆ ವೇಗ ಯಾರೂ ಕೇಳಿರಲಿಲ್ಲ. ಅವಳಿಗೆ ಹಾಡಬೇಕೆನ್ನುವಷ್ಟು ಸಂತೋಷವಾಗಿತ್ತು.

ಗಂಟೆ ಮುಗಿಯುವ ಮೊದಲೇ ಬುಟ್ಟಿ ಬರಿದಾಯಿತು. ಸೂಪರ್‌ವೈಸರ್ ಚಾಕು ಎತ್ತಿ ಹಿಡಿದು ನೋಡಿದ. ಹೀಗೆ ಹಿಡಿದ, ಹಾಗೆ ಹಿಡಿದ.

"ಇದೇನಕ್ಕ, ನನ್ನ ಕೈಗೆ ಕೂರ್ತಾನೇ ಇಲ್ಲ?"

"ನಿಮ್ಮ ಕೈಗೆ ಮಾಡಿದ್ದಲ್ವಲ್ಲ ಸಾರ್. ನೆಲ ಡೊಂಕಾಗೇ ಇತ್ತು. ನೆಟ್ಟಗೆ ಮಾಡ್ಕೊಂಡು ಬಂದೆ."

ಅಡುಗೆಮನೆ ಹೋ ಎಂದು ನಕ್ಕಿತು. ಅವನ ಕಿವಿ ಕೆಂಪಾಯಿತು. ಗೋಡೆಯ ಹಲಗೆಯ ಹತ್ತಿರ ಹೋಗಿ, ತಟ್ಟೆ ತೊಳೆಯುವವರ ಸಾಲಿನಿಂದ ಅವಳ ಹೆಸರನ್ನು ಅಂಗೈಯಿಂದಲೇ ಒರೆಸಿದ.

ಸಂಜೆ ಗಂಡ ಬಾಗಿಲಲ್ಲೇ ಕಾಯುತ್ತಿದ್ದ. "ಪಾಲಿಶ್ ಇಲ್ಲದ್ದು ಯಾರು ಮಾಡಿದ್ದು ಅಂತ ಕೇಳಿದ್ರಾ? ನನ್ನ ಹೆಸರು ಹೇಳಿಲ್ಲ ತಾನೆ?"

ಅವಳು ಚೀಲದಿಂದ ಕೈಯಚ್ಚು ಬಿದ್ದ ಹಿಟ್ಟಿನ ಮುದ್ದೆಗಳನ್ನು ಒಂದೊಂದಾಗಿ ತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟಳು. ಒಂದು ಎಡಗೈಯವಳದು, ಒಂದು ಹೆಬ್ಬೆರಳು ಊದಿದವಳದು, ಒಂದು ಅಡುಗೆಯ ಮುದುಕನದು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು.

"ಇದ್ಯಾರ ಕೈಯೇ?"

"ಸೂಪರ್‌ವೈಸರ್‌ದು. ಮನೇಲಿ ಹೆಚ್ಚೋದು ಅವನೇ ಅಂತೆ ಕಣ್ರೀ."