ಮೂಲೆ ಹರಿದ ಕಾರ್ಡು

ಮೊನ್ನೆ ಹೊಸ ಕಾಗದದ ಕಟ್ಟು ಬಿಚ್ಚುವಾಗ ಮೇಲಿನ ಹಾಳೆಯ ಮೂಲೆ ಹರಿಯಿತು. ಎದೆ ಧಸಕ್ಕೆಂದಿತು. ಅರವತ್ತರ ಹತ್ತಿರ ಬಂದವಳು ಒಂದು ಹಾಳೆಗೆ ಹೆದರುವುದು ನಗೆಪಾಟಲೇ ಸರಿ. ಆದರೆ ಈ ಹೆದರಿಕೆ ಹಳೆಯದು... ದಾಂಡೇಲಿಯ ನಮ್ಮ ಪಕ್ಕದ ಮನೆಯ ಕಾಕುವಿನ ಕಾಲದ್ದು.

ಸೂಪಾದಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ಕಾಕುವಿನ ಗಂಡನೂ ನನ್ನಪ್ಪನೂ ಕಾಗದದ ಮಿಲ್ಲಿನಲ್ಲಿ ಒಂದೇ ಪಾಳಿ. ಧಾರವಾಡದ ಕಡೆಯ ಕಾಕುವಿಗೆ ಓದುಬರಹ ಬರುತ್ತಿರಲಿಲ್ಲ. ಒಬ್ಬಳೇ ಮಗಳನ್ನು ಮುಂಡಗೋಡದ ಹತ್ತಿರದ ಸನವಳ್ಳಿಗೆ ಕೊಟ್ಟಿದ್ದರು. ರವಿವಾರಕ್ಕೊಮ್ಮೆ ಅವಳಿಗೆ ಕಾರ್ಡು ಬರೆಯುವ ಕೆಲಸ ಆರನೆಯ ಇಯತ್ತೆಯ ನನ್ನದು.

ನಾನೋ ಬಲು ಜಾಣೆಯೆಂಬ ಸೊಕ್ಕಿನವಳು. ಮಿಲ್ಲಿನ ತುಂಡು ಕಾಗದದ ಮೇಲೆ ‘ಪ್ರೀತಿಯ ಪುತ್ರಿಯೇ, ನಾನಿಲ್ಲಿ ಕ್ಷೇಮವಾಗಿರುವೆನು’ ಎಂದು ಮೊದಲು ಬರೆದು ಓದುತ್ತಿದ್ದೆ. ಅಕ್ಕಿ ಆರಿಸುತ್ತಿದ್ದ ಕಾಕುವಿನ ಕೈ ನಿಲ್ಲುತ್ತಿತ್ತು.

“ನಾ ಯಾವಾಗ ಹಿಂಗ ಮಾತಾಡೇನಿ? ಇದು ಬ್ಯಾರೆ ಯಾರದೋ ಅವ್ವ. ಮತ್ತ ಬರಿ.”

ಮತ್ತೆ ಬರೆಯುತ್ತಿದ್ದೆ. ನಾನು ಬಿಟ್ಟ ಬೈಗುಳವನ್ನು ಅವರು ಸೇರಿಸುತ್ತಿದ್ದರು, ನಾನು ಸೇರಿಸಿದ ಕಣ್ಣೀರನ್ನು ತೆಗೆಸುತ್ತಿದ್ದರು. ಮೂರು ತುಂಡು, ನಾಲ್ಕು ತುಂಡು ಹಾಳಾದ ಮೇಲೆ ಕಾರ್ಡಿಗೆ ಇಳಿಸುವುದು. ವರ್ಷ ತುಂಬುವಷ್ಟರಲ್ಲಿ ಕಾಕು ಮೊದಲ ಸಲಕ್ಕೇ ತಲೆಯಾಡಿಸತೊಡಗಿದರು. ಆ ಒಂದು ತಲೆಯಾಡಿಸುವಿಕೆಗಾಗಿ ವಾರವಿಡೀ ಅವರ ಮಾತನ್ನೇ ಮನಸ್ಸಿನಲ್ಲಿ ಉರು ಹಾಕುತ್ತಿದ್ದೆ.

ಆಗ ಮಗಳು ಏಳು ತಿಂಗಳ ಬಸುರಿ. ಮೊದಲಿನ ಎರಡು ನಿಂತಿರಲಿಲ್ಲ, ಹಾಗಾಗಿ ಕಾಕುವಿನ ಜೀವವೆಲ್ಲ ಸನವಳ್ಳಿಯಲ್ಲೇ. ಆ ರವಿವಾರದ ಕಾರ್ಡು ಎಂದಿಗಿಂತ ಚೆನ್ನಾಗಿ ಬಂದಿತ್ತು. ಕೊನೆಯಲ್ಲಿ ಒಂದು ಮೂಲೆಗೆ ಶಾಯಿಯ ಹನಿ ಬಿತ್ತು. ಬೇರೆ ಕಾರ್ಡಿರಲಿಲ್ಲ. ಆ ಮೂಲೆಯನ್ನಷ್ಟೇ ಹರಿದು ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಿಬಂದೆ. ಮೂಲೆ ಹರಿದ ಕಾರ್ಡೆಂದರೆ ಸಾವಿನ ಸುದ್ದಿ ಎಂದು ನಮ್ಮ ಕಡೆ ದೊಡ್ಡವರಿಗೆಲ್ಲ ಗೊತ್ತು. ಮಿಲ್ಲಿನ ಚೂರುಪಾರು ಕಾಗದದಲ್ಲೇ ಬೆಳೆದ ನನಗೆ ಗೊತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಮಗಳು ಬಾಗಿಲಲ್ಲಿ ನಿಂತಿದ್ದಳು. ಕಾರ್ಡು ಓದಿಯೇ ಇರಲಿಲ್ಲ, ಮೂಲೆ ನೋಡಿದವಳೇ ಹಳಿಯಾಳದ ಮೇಲೆ ಬಸ್ಸು ಬದಲಿಸುತ್ತ ಅಳುತ್ತ ಬಂದಿದ್ದಳು. ಎದುರಿಗೆ ಕಾಕು ಸಂಡಿಗೆ ಹರವುತ್ತಿದ್ದರು. “ಅವ್ವಾ...” ಎಂದವಳು ಅಲ್ಲೇ ಕುಸಿದಳು. ನೋವು ಶುರುವಾಯಿತು.

ನಾಲ್ಕು ದಿನ ಅವಳು ಆಸ್ಪತ್ರೆಯಲ್ಲಿ. ಅತ್ತ ಕಡೆಯಿಂದ ಬರುವ ಪ್ರತಿಯೊಬ್ಬರ ಮುಖ ನೋಡುತ್ತ ನಾನು ಕಟ್ಟೆಯ ಮೇಲೆ ಕೂತೆ. ಒಂದು ಜೀವ ಹೋದರೆ ಅದು ನನ್ನ ಕೈಯಿಂದ... ರವಿವಾರ ಬೆಳಿಗ್ಗೆ ಕಾಕು ಬಂದರು. ನೋವು ಇಳಿದಿತ್ತು, ಕೂಸು ಉಳಿದಿತ್ತು. ನಾನು ಗೊಳೋ ಎಂದು ಅತ್ತೆ.

“ಅಳೂದು ಆಮ್ಯಾಲೆ. ಅಳಿಯಗ ಕಾರ್ಡು ಹಾಕೂಣು, ಬಾ. ಮೂಲಿ ನೋಡ್ಕೋ.”

ಮುಂದೆ ನಾವು ದಾಂಡೇಲಿ ಬಿಟ್ಟೆವು. ಎಷ್ಟೋ ವರ್ಷದ ಮೇಲೆ ಆ ಮಗಳ ಕಾರ್ಡು ಬಂತು. ಮೊದಲು ಮೂಲೆ ನೋಡಿದೆ, ನಾಲ್ಕೂ ನೆಟ್ಟಗಿದ್ದವು. ನಿರಾಳವಾಗಿ ಓದತೊಡಗಿದೆ. “ಅವ್ವ ಹೋದ್ಲು, ತಂಗಿ. ಮೂಲಿ ಹರಿಯಾಕ ನನಗ ಕೈ ಬರಲಿಲ್ಲ.”

ಈಗಲೂ ದಿನಾ ಬರೆಯುತ್ತೇನೆ, ರವಿವಾರ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಇದನ್ನೂ ನಾಲ್ಕು ಸಲ ತಿದ್ದಿದ್ದೇನೆ. ಇದರಲ್ಲಿ ಕಾಕು ಬಂದಿದ್ದಾರೋ, ಬೇರೆ ಯಾರದೋ ಅವ್ವ ಬಂದಿದ್ದಾಳೋ... ಹೇಳುವವರಿಲ್ಲ.