ಸೀರಿಯಲ್ ನಿಂತಾಗ ದೊಡ್ಡವ್ವ ಕಂಡದ್ದು

ಎಷ್ಟು ಸೋಪು ಹಚ್ಚಿ ಉಜ್ಜಿದರೂ ದೊಡ್ಡವ್ವನ ಬೆರಳ ತುದಿಗಳ ಕಂದು ಬಣ್ಣ ಹೋಗುತ್ತಿರಲಿಲ್ಲ. ಹುಣಸೂರಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೆಲಸ. ಬದುಕಿಡೀ ಎಲೆಯ ಅಂಟು ಮೆತ್ತಿದ ಕೈ. ಸಂಬಂಧದಲ್ಲಿ ನಮಗೇನೂ ಆಗಬೇಕಾದವಳಲ್ಲ, ಬಿಳಿಕೆರೆಯಲ್ಲಿ ನನ್ನ ತವರಿನ ಎದುರುಮನೆಯವಳು. ಅವಳ ಮನೆಯಲ್ಲಿ ಟಿವಿ ಇರಲಿಲ್ಲ. ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಸೀರಿಯಲ್ ನೋಡಲು ನಮ್ಮಲ್ಲಿಗೆ ಬರುತ್ತಿದ್ದಳು. ಮುಗಿದ ಮೇಲೆ ಟಿವಿಯೊಳಗಿನ ಸೊಸೆಗೆ, "ಉಸಾರು ಕಣವ್ವ," ಎಂದು ಹೇಳಿಯೇ ಏಳುತ್ತಿದ್ದಳು.

ಆ ವರ್ಷ ಯುಗಾದಿಗೆ ಹಾರನಹಳ್ಳಿಯ ಗಂಡನ ಮನೆಯಿಂದ ಬಂದಿದ್ದೆ. ಲಾಕ್‌ಡೌನ್ ಆಯಿತು. ಬಸ್ಸುಗಳು ನಿಂತವು, ಶೂಟಿಂಗ್ ಇಲ್ಲದೆ ಸೀರಿಯಲ್ಲೂ ನಿಂತಿತು. ಕೊನೆಗೆ ತೋರಿಸಿದ ದಿನ, ಗಂಡನ ಮನೆಯವರು ಹೊರಹಾಕಿದ್ದ ಸೊಸೆ ಮತ್ತೆ ಅದೇ ಮನೆಯ ಹೊಸಿಲ ಮುಂದೆ ಬಂದು ನಿಂತಿದ್ದಳು.

ಮೊದಮೊದಲು ಕೇರಿಯ ಹೆಂಗಸರು ಮುಂದೇನಾಗುತ್ತದೆ ಅಂತ ಜಗಳವೇ ಆಡಿದರು. ಚಾನೆಲ್‌ನವರು ಹಾಕಿದ ಹಳೆಯ ಕಂತುಗಳನ್ನು ಸ್ವಲ್ಪ ದಿನ ನೋಡಿ ಬಿಟ್ಟರು. ಬರಬರುತ್ತಾ ಆ ಸೊಸೆಯ ಹೆಸರೂ ಮರೆತುಹೋಯಿತು. ದೊಡ್ಡವ್ವ ಮಾತ್ರ, "ಆ ಮಗೀನ ಬಾಗ್ಲಲ್ಲೇ ನಿಲ್ಸ್‌ಬುಟ್ಟು ಎಲ್ರೂ ಓಗ್ಬುಟ್ರಲ್ಲಾ," ಎಂದು ಕೊರಗುತ್ತಿದ್ದಳು.

ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು ಮುಂದಿನ ಕತೆ ಹೇಳತೊಡಗಿದಳು. ಹೆಂಗಸರು ಮತ್ತೆ ಸೇರಿದರು. ಹೇಳುವಾಗ ಅವಳು ನಮ್ಮನ್ನು ನೋಡುತ್ತಿರಲಿಲ್ಲ. ಕಣ್ಣೆಲ್ಲ ಒಳಗೆ ಆರಿಸಿಟ್ಟ ಟಿವಿಯ ಕಡೆ.

ಓಡಾಟಕ್ಕೆ ಬಿಟ್ಟ ಮೇಲೆ ಗಂಡ ಫೋನ್ ಮಾಡಿ, ಬೆಳಿಗ್ಗೆ ಕರೆದೊಯ್ಯಲು ಬರುತ್ತೇನೆ ಎಂದ. ಬಟ್ಟೆ ಜೋಡಿಸಿಟ್ಟೆ. ಅವತ್ತು ಸಂಜೆ ಕತೆ ಹೇಳುವಾಗ ದೊಡ್ಡವ್ವನ ದನಿ ಬಹಳ ತಗ್ಗಿತ್ತು.

"ಅವಳ್ನ ಆಚೆಗಾಕಾಕೆ ಮುಂಚೆ ಬ್ಯಾರನ್ನೊಳಕ್ಕೆ ಕೂಡಾಕವ್ರೆ. ಬರೀ ಕತ್ಲು. ಬಳೆ ಚೂರಲ್ಲಿ ಬಾಗ್ಲು ಕೆರೀತಾವ್ಳೆ. ಮಣಿಕಟ್ಟು ಕುಯ್ಕಂಡದೆ ಕಣವ್ವ."

ಅವ್ವ ನಕ್ಕಳು. "ಅದು ಸಿಟಿ ಬಂಗ್ಲೆ ಕಣಕ್ಕ. ಒಗೆಸೊಪ್ಪು ಬೇಯ್ಸೋ ಬ್ಯಾರನ್ನು ಅಲ್ಲಿಗೆಲ್ಲಿಂದ ಬತ್ತು?"

ನಾನು ಸೆರಗೆಳೆದು ಮಣಿಕಟ್ಟು ಮುಚ್ಚಿಕೊಂಡೆ. ಗಂಡ ನನ್ನನ್ನು ಬ್ಯಾರನ್ನಿನಲ್ಲಿ ಕೂಡಿಹಾಕಿದ್ದನ್ನು ಹೆತ್ತವ್ವನಿಗೂ ಹೇಳಿರಲಿಲ್ಲ.

ದೊಡ್ಡವ್ವ ನಗಲಿಲ್ಲ. "ಇನ್ನೊಂದ್ ಸಲ ಆ ಮನೆ ಒಸ್ಲು ದಾಟ್‌ಬಾರ್ದು ಅವ್ಳು. ದಾಟುದ್ರೆ ಇನ್ನು ಈಚೆಗೆ ಬರಾಕಿಲ್ಲ."

ಬೆಳಿಗ್ಗೆ ಬೈಕಿನ ಸದ್ದಾದಾಗ ಅವ್ವನ ಮುಂದೆ ಕೈ ಚಾಚಿ ಗಾಯದ ಗುರುತು ತೋರಿಸಿದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಗಂಡ ಒಬ್ಬನೇ ವಾಪಸು ಹೋದ.

ಮುಂದೆ ಸೀರಿಯಲ್ ಮತ್ತೆ ಶುರುವಾಯಿತು. ಸೊಸೆಯ ಪಾತ್ರಕ್ಕೆ ಬೇರೆ ಹುಡುಗಿ ಬಂದಿದ್ದಳು. ನಗುನಗುತ್ತಾ ಒಳಗೆ ನಡೆದಳು. ಕೇರಿಯಲ್ಲಿ ಯಾರಿಗೂ ಮೊದಲಿನ ಆಸೆ ಉಳಿದಿರಲಿಲ್ಲ. ದೊಡ್ಡವ್ವ ತುಸು ಹೊತ್ತು ನೋಡಿ, "ಇವ್ಳು ಅವ್ಳಲ್ಲ. ಆರ್ಸವ್ವ," ಎಂದಳು. ಆಮೇಲೆ ಟಿವಿ ನೋಡಲು ಬರಲೇ ಇಲ್ಲ.

ಕಳೆದ ವರ್ಷ ಅವಳು ಹಾಸಿಗೆ ಹಿಡಿದಾಗ ಗಂಜಿ ಕುಡಿಸುತ್ತಾ ಕೇಳಿದೆ: "ದೊಡ್ಡವ್ವ, ಆ ಬ್ಯಾರನ್ನಿನ ಕತೆ ನಿಂಗೆ ಯಾರು ಯೋಳಿದ್ರು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಕತೆಯಾ? ನಾನ್ಯಾವತ್ತವ್ವ ಕತೆ ಯೋಳ್ದೆ? ಟಿವೀಲಿ ಬತ್ತಿತ್ತಲ್ಲ. ನಿಮ್ಗ್ಯಾರ್ಗೂ ಕಾಣ್ತಿರ್ನಿಲ್ಲ, ಅದ್ಕೆ ಕಂಡುದ್ದ ಕಂಡಂಗೆ ಯೋಳ್ತಿದ್ದೆ."

ಗಂಜಿಯ ಬಟ್ಟಲು ಕೆಳಗಿಟ್ಟೆ. ಅದಾದ ಸ್ವಲ್ಪ ದಿನಕ್ಕೆ ಅವಳು ತೀರಿಕೊಂಡಳು.

ಈಗ ನಾನು ಹುಣಸೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ನನ್ನ ಪಾಡಿಗೆ ಉಂಡುಟ್ಟು ಬದುಕಿರುವುದು ದೊಡ್ಡವ್ವನ ಋಣ. ಆದರೂ ಅವಳನ್ನು ಮಣ್ಣು ಮಾಡಿದ ಗುಡ್ಡೆಗೆ ಹಾಲು ಎರೆಯುವಾಗ ಒಂದು ಪ್ರಶ್ನೆ ಕಾಡಿತು. ನಾನೇನೋ ಹೋಗದೆ ಉಳಿದೆ. ಹೊಸಿಲು ದಾಟಿ ಈಚೆಗೆ ಬಾರದೆ ಹೋದ ಸೊಸೆಯನ್ನೂ ದೊಡ್ಡವ್ವ ಕಂಡಿದ್ದಳೇ? ಕಂಡಿದ್ದರೆ, ಆ ಸೊಸೆಗಿದ್ದದ್ದು ನನ್ನ ಮುಖವೇ, ಬೇರೆ ಯಾರದೋ?