ಮೀನಿಲ್ಲದ ಬುಟ್ಟಿ

ಬೀಜಾಡಿಯ ನಮ್ಮ ಓಣಿಗೆ ಬರುತ್ತಿದ್ದ ಮೀನಿನಕ್ಕನ ಬುಟ್ಟಿಯಲ್ಲಿ ಮೀನಿಗಿಂತ ಸಲಹೆಗಳೇ ಹೆಚ್ಚು. ಆಟಿಸಂ ಇರುವ ನನ್ನ ಮಗಳ ಆತಂಕಕ್ಕೆ ಡಾಕ್ಟರು ದಿನಕ್ಕೆ ಅರ್ಧ ಮಾತ್ರೆ ಬರೆದಿದ್ದರು. ಕೊಡುವುದೋ ಬೇಡವೋ ಎಂದು ನಾವು ಗಂಡ ಹೆಂಡತಿ ತಿಂಗಳಿಡೀ ಜಗಳವಾಡಿದೆವು. ಮೀನಿನಕ್ಕ ಮಾತ್ರ ಬಂಗುಡೆಯ ಕಿವಿರು ಎತ್ತಿ ತೋರಿಸುತ್ತಲೇ ತೀರ್ಪು ಕೊಟ್ಟಿದ್ದಳು: “ಹೆದ್ರಿಕಿ ಯಾರಿಗಿಲ್ಲೆ ಹೇಳಿ? ಹಲ್ಲಿ ಕಂಡ್ರೆ ನಂಗೂ ಆತಿಲ್ಲೆ. ನಾನ್ ಮಾತ್ರಿ ತಿಂತ್ನಾ?”

ಮಗಳ ದಿನ ಶುರುವಾಗುತ್ತಿದ್ದದ್ದೇ ಇವಳ ಕೂಗಿನಿಂದ. ಒಂಬತ್ತಕ್ಕೆ “ಹ್ವಾಯ್, ಮೀನ್!” ಕೇಳದಿದ್ದರೆ ಮಗಳು ಗೇಟು ಹಿಡಿದು ನಡುಗುತ್ತಿದ್ದಳು, ತಿಂಡಿ ಮುಟ್ಟುತ್ತಿರಲಿಲ್ಲ. ಮಳೆಗಾಲ ಬಂದು ದೋಣಿಗಳು ದಡ ಸೇರಿದವು. ಮೀನಿನಕ್ಕ ಎರಡು ದಿನ ಬರಲಿಲ್ಲ. ಮಗಳು ಎರಡು ದಿನವೂ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನವೂ ಕೂಗು ಕೇಳದಾಗ ನಾವು ಜಗಳ ಬಿಟ್ಟು ಮಾತ್ರೆ ತಂದೆವು.

ಮಗಳು ಉಣ್ಣದ ಸುದ್ದಿ ತಿಳಿದ ಮೀನಿನಕ್ಕ ನಾಲ್ಕನೆಯ ದಿನ ಒಂಬತ್ತಕ್ಕೆ ಸರಿಯಾಗಿ ಖಾಲಿ ಬುಟ್ಟಿ ಹೊತ್ತು ಬಂದು, “ಹ್ವಾಯ್, ಮೀನ್ ಇಲ್ಲೆ!” ಎಂದು ಓಣಿಯಿಡೀ ಕೂಗಿದಳು. ದೋಣಿಗಳು ಮತ್ತೆ ಕಡಲಿಗಿಳಿಯುವವರೆಗೂ ದಿನಾ ಅದೇ ಕೂಗು. ಮಾತ್ರೆ ಬೇಕಾದದ್ದು ಇವಳಿಗೇ ಎಂದರು ಪಕ್ಕದ ಮನೆಯವರು.

ಮಗಳು ನಿಧಾನಕ್ಕೆ ತಿಂಡಿ ತಿನ್ನತೊಡಗಿದಳು. “ಅಂತೂ ಮಾತ್ರೆ ಹಿಡಿಯಿತು ಅಕ್ಕ” ಎಂದೆ ನಾನು ಒಂದು ಬೆಳಿಗ್ಗೆ.

ಮೀನಿನಕ್ಕ ಖಾಲಿ ಬುಟ್ಟಿ ಇಳಿಸಿ ಸೊಂಟಕ್ಕೆ ಕೈಯಿಟ್ಟಳು. “ಡಾಕ್ಟ್ರ್ ಬರ್ದದ್ದ್ ಅರ್ಧ ಮಾತ್ರಿ ಅಲ್ದಾ? ಉಳ್ದ್ ಅರ್ಧ ಯಾರ್ ಅಂದ್ಕಂಡ್ರಿ?”